ವರ್ಚುಯಲ್ ಡಿಸ್ಕ್ ಬೂಟ್ ಆಗ್ತಿಲ್ವಾ? ಫರ್ಮ್‌ವೇರ್ ಎಲ್ಲಿ ನಿಂತಿದೆ ನೋಡಿ

ವರ್ಚುಯಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿದ ಇನ್ನೊಂದು ಕಂಪ್ಯೂಟರ್, ಆನ್ ಮಾಡಿದ ಕೂಡಲೇ ಕಪ್ಪು ಪರದೆ. ಅದರ ಮೇಲೆ ಒಂದೆರಡು ಸಾಲು ಬಿಳಿ ಅಕ್ಷರ. ಆಮೇಲೆ ಏನೂ ಇಲ್ಲ. ಇಲ್ಲಿಗೆ ಬಂದಾಗ ಕೆಲವರು ಸೆಟ್ಟಿಂಗ್ಸ್‌ಗೆ ಹೋಗಿ ಕಂಡಕಂಡ ಟಿಕ್ ಹಾಕಿ ತೆಗೆದು ಮಾಡುತ್ತಾರೆ. ಇನ್ನು ಕೆಲವರು ಡಿಸ್ಕೇ ಹಾಳಾಗಿದೆ ಅಂತ ತೀರ್ಮಾನ ಮಾಡಿ ಓಎಸ್ ಮತ್ತೆ ಹಾಕಲು ಕೂರುತ್ತಾರೆ. ಎರಡೂ ಬೇಡ. ಫರ್ಮ್‌ವೇರ್, ಅಂದರೆ ಆನ್ ಆದ ಕೂಡಲೇ ಮೊದಲು ಓಡಿ ಡಿಸ್ಕ್ ಹುಡುಕುವ ಪ್ರೋಗ್ರಾಂ, ಎಲ್ಲಿ ನಿಂತಿದೆ ಅನ್ನುವುದಕ್ಕೆ ಅರ್ಧ ಉತ್ತರ ಆ ಬಿಳಿ ಅಕ್ಷರದಲ್ಲೇ ಇರುತ್ತದೆ.

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನಂದೊಂದು ಸಣ್ಣ ಕಂಪ್ಯೂಟರ್ ಸರ್ವೀಸ್ ಅಂಗಡಿ ಇದೆ. ಹಳೇ ಡೆಸ್ಕ್‌ಟಾಪ್‌ನ ಡಿಸ್ಕನ್ನು ಇಮೇಜ್ ಮಾಡಿ (ಇಡೀ ಡಿಸ್ಕನ್ನು ಒಂದು ಫೈಲಾಗಿ ಕಾಪಿ ಮಾಡಿ) ವರ್ಚುಯಲ್ ಮಷೀನ್ ಒಳಗೆ ಓಡಿಸಿಕೊಡುವ ಕೆಲಸ ಈಗೀಗ ಜಾಸ್ತಿ ಬರುತ್ತಿದೆ. ಮಂಡಿಗಳಲ್ಲಿ, ರೈಸ್ ಮಿಲ್‌ಗಳಲ್ಲಿ, ವಸಂತನರಸಾಪುರದ ಕಡೆಯ ಸಣ್ಣ ಘಟಕಗಳಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಬರೆಸಿಕೊಂಡ ಬಿಲ್ಲಿಂಗ್ ಸಾಫ್ಟ್‌ವೇರ್ ಇರುತ್ತದೆ. ಬರೆದುಕೊಟ್ಟ ಹುಡುಗ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅದು ವಿಂಡೋಸ್ 7ರಲ್ಲಿ ಬಿಟ್ಟರೆ ಬೇರೆಲ್ಲೂ ಓಡಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತಿತು. ಮದರ್‌ಬೋರ್ಡ್‌ಗಳಿಗೂ ವಯಸ್ಸಾಯಿತು. ಹಾಗಾಗಿ ಲೆಕ್ಕ ಉಳಿಸಿಕೊಳ್ಳಬೇಕು ಅಂದರೆ ಇದೇ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಮುಟ್ಟುವ ಮೊದಲು ಒಂದು ಪದರ

ಬೂಟ್ ಆಗದ ಡಿಸ್ಕ್ ಮೇಲೆ ನೇರವಾಗಿ ರಿಪೇರಿ ಶುರು ಮಾಡಬೇಡಿ. ಪೂರ್ತಿ ಕಾಪಿ ಮಾಡಲು ಜಾಗ ಇಲ್ಲ ಅಂದರೂ ಪರವಾಗಿಲ್ಲ. ಕ್ಯೂಎಮು (ವರ್ಚುಯಲ್ ಮಷೀನ್ ಓಡಿಸುವ ಒಂದು ಸಾಫ್ಟ್‌ವೇರ್) ಇದ್ದರೆ ಹಳೇ ಫೈಲನ್ನು ತಳಕ್ಕಿಟ್ಟು ಅದರ ಮೇಲೆ ಒಂದು ಖಾಲಿ ಪದರ ಮಾಡಿಕೊಳ್ಳಬಹುದು: ‘ಕ್ಯೂಎಮು-ಇಮೇಜ್ ಕ್ರಿಯೇಟ್’ ಕಮಾಂಡ್‌ಗೆ ‘-ಬಿ’ ಕೊಟ್ಟು ಹಳೇ ಫೈಲ್ ಹೆಸರು, ದೊಡ್ಡಕ್ಷರದ ‘-ಎಫ್’ ಕೊಟ್ಟು ಅದರ ಫಾರ್ಮ್ಯಾಟ್. ಬರೆಯುವುದೆಲ್ಲ ಮೇಲಿನ ಪದರಕ್ಕೆ ಹೋಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಕೆಟ್ಟರೆ ಪದರ ಅಳಿಸಿ ಮತ್ತೆ ಶುರು ಮಾಡಿ. ಇಂಥದ್ದೇ ಸಾಫ್ಟ್‌ವೇರ್ ಆದ ವರ್ಚುಯಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್, ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಚೆಕ್‌ಪಾಯಿಂಟ್ ಇದೇ ಕೆಲಸ ಮಾಡುತ್ತದೆ.

ಆ ಮೆಸೇಜ್ ಯಾರದ್ದು?

ಬೂಟ್ ಅನ್ನೋದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವ ಕೆಲಸ. ಹಳೇ ಬಯೋಸ್ ಪದ್ಧತಿಯಲ್ಲಿ ಫರ್ಮ್‌ವೇರ್ ಡಿಸ್ಕಿನ ಮೊದಲ ಸೆಕ್ಟರ್, ಅಂದರೆ 512 ಬೈಟ್, ಓದುತ್ತದೆ. ಅದೇ ಎಂಬಿಆರ್. ಮೊದಲ 446 ಬೈಟ್ ಕೋಡ್, ಆಮೇಲೆ ಪಾರ್ಟಿಷನ್‌ಗಳನ್ನು, ಅಂದರೆ ಡಿಸ್ಕಿನ ಭಾಗಗಳನ್ನು, ಹೇಳುವ 16 ಬೈಟ್‌ನ ನಾಲ್ಕು ಸಾಲು, ಕೊನೆಯಲ್ಲಿ ‘55 ಎಎ’ ಅನ್ನುವ ಎರಡು ಬೈಟ್ ಸಹಿ. ಸಹಿ ಇದ್ದರೆ ಫರ್ಮ್‌ವೇರ್ ಕಣ್ಣು ಮುಚ್ಚಿ ಕೋಡಿಗೆ ಕೈ ಬಿಡುತ್ತದೆ. ಆ ಕೋಡು ಆಕ್ಟಿವ್ ಅಂತ ಗುರುತಾದ ಪಾರ್ಟಿಷನ್ ಹುಡುಕಿ ಅದರ ಮೊದಲ ಸೆಕ್ಟರ್‌ಗೆ ದಾಟಿಸುತ್ತದೆ. ಅದು ಬೂಟ್‌ಎಂಜಿಆರ್ ಫೈಲ್ ಹುಡುಕುತ್ತದೆ. ಬೂಟ್‌ಎಂಜಿಆರ್ ವಿಂಡೋಸನ್ನು ಎಬ್ಬಿಸುತ್ತದೆ. ಪ್ರತಿಯೊಬ್ಬರೂ ಸೋತಾಗ ಬೇರೆ ಬೇರೆ ಮಾತು ಹೇಳುತ್ತಾರೆ. ಪರದೆ ಮೇಲಿನ ಮಾತು ಯಾರದ್ದು ಅಂತ ಗೊತ್ತಾದರೆ ಅವರಿಗಿಂತ ಹಿಂದಿನವರೆಲ್ಲ ತಮ್ಮ ಕೆಲಸ ಮುಗಿಸಿದ್ದಾರೆ ಅಂತ ಅರ್ಥ.

ಲಿನಕ್ಸ್‌ನ ವರ್ಚುಯಲ್ ಮಷೀನ್ ವ್ಯವಸ್ಥೆಗಳಾದ ಕೆವಿಎಂ, ಪ್ರಾಕ್ಸ್‌ಮಾಕ್ಸ್‌ನಲ್ಲಿ ಬಯೋಸ್ ಕೆಲಸ ಮಾಡುವುದು ಸೀಬಯೋಸ್. ಅದರಲ್ಲಿ ‘ಬೂಟಿಂಗ್ ಫ್ರಂ ಹಾರ್ಡ್ ಡಿಸ್ಕ್’ ಅನ್ನುವ ಸಾಲೇ ಬರದೆ ನೇರ ‘ನೋ ಬೂಟಬಲ್ ಡಿವೈಸ್’ ಬಂದರೆ ಡಿಸ್ಕ್ ಅದರ ಕಣ್ಣಿಗೇ ಬಿದ್ದಿಲ್ಲ, ಇಲ್ಲ ಬೂಟ್ ಸರದಿಯಲ್ಲೇ ಇಲ್ಲ. ಆ ಸಾಲು ಬಂದು ಕೆಳಗೆ ‘ಬೂಟ್ ಫೇಲ್ಡ್: ನಾಟ್ ಎ ಬೂಟಬಲ್ ಡಿಸ್ಕ್’ ಅಂದರೆ ಡಿಸ್ಕ್ ಕಂಡಿದೆ, ಮೊದಲ ಸೆಕ್ಟರ್ ಓದಿದೆ, ‘55 ಎಎ’ ಸಿಕ್ಕಿಲ್ಲ. ‘ಕುಡ್ ನಾಟ್ ರೀಡ್ ದ ಬೂಟ್ ಡಿಸ್ಕ್’ ಅಂದರೆ ಓದಲೇ ಆಗಿಲ್ಲ. ಮೂರೂ ಬೇರೆ ಬೇರೆ ರೋಗ.

‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಂ’ ಫರ್ಮ್‌ವೇರ್ ಮಾತೇ ಅಲ್ಲ, ಎಂಬಿಆರ್ ಒಳಗಿನ ಕೋಡಿನ ಮಾತು. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಅಂದರೆ ಅದಕ್ಕೂ ಒಂದು ಹೆಜ್ಜೆ ಮುಂದೆ ಬಂದಿದ್ದೀರಿ. ವಿಎಂವೇರ್‌ನ ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಮಾತ್ರ ಫರ್ಮ್‌ವೇರ್‌ನದೇ. ವರ್ಚುಯಲ್‌ಬಾಕ್ಸ್‌ನ ಫರ್ಮ್‌ವೇರ್ ‘ಫೇಟಲ್: ನೋ ಬೂಟಬಲ್ ಮೀಡಿಯಂ ಫೌಂಡ್’ ಅಂತ ಒಂದೇ ಮಾತಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತದೆ. ಅದರಿಂದ ಏನೂ ತಿಳಿಯಲ್ಲ.

ಯುಇಎಫ್‌ಐ ಆದರೆ ಕಥೆ ಬೇರೆ. ಇದು ಬಯೋಸ್ ಜಾಗಕ್ಕೆ ಬಂದ ಹೊಸ ಬಗೆಯ ಫರ್ಮ್‌ವೇರ್. ಕೆವಿಎಂನಲ್ಲಿ ಅದರ ಹೆಸರು ಒವಿಎಂಎಫ್. ‘ಫೇಲ್ಡ್ ಟು ಲೋಡ್ ಬೂಟ್0001’ ಅಂತ ಒಂದು ಸಾಲು, ಡಿಸ್ಕಿನ ಹೆಸರು, ಕೊನೆಗೆ ‘ನಾಟ್ ಫೌಂಡ್’ ಅಥವಾ ‘ಆಕ್ಸೆಸ್ ಡಿನೈಡ್’ ಅಂತ ಬರೆದು ತಕ್ಷಣ ‘ಸ್ಟಾರ್ಟ್ ಪಿಎಕ್ಸ್‌ಇ’ ಅಂತ ನೆಟ್‌ವರ್ಕ್ ಬೂಟಿಗೆ ಹೋಗುತ್ತದೆ. ನೋಡಿದವರು ನೆಟ್‌ವರ್ಕ್ ತೊಂದರೆ ಅಂದುಕೊಂಡು ಕೇಬಲ್ ಕೀಳುತ್ತಾರೆ. ಸುಳಿವು ಇರುವುದು ಅದರ ಮೇಲಿನ ಸಾಲಲ್ಲಿ. ಮೊಬೈಲಿನಲ್ಲಿ ವಿಡಿಯೋ ಹಿಡಿದು ಆಮೇಲೆ ನಿಲ್ಲಿಸಿ ಓದಿ. ಹೈಪರ್-ವಿ ಜನರೇಷನ್ 2 ಈ ವಿಷಯದಲ್ಲಿ ಒಳ್ಳೆಯದು. ಯಾವ್ಯಾವ ಡಿವೈಸ್ ನೋಡಿದೆ, ಯಾಕೆ ಬಿಟ್ಟೆ ಅಂತ ಒಂದೊಂದಾಗಿ ಬರೆದು ತೋರಿಸುತ್ತದೆ. ಅದರಲ್ಲಿ ‘ನೋ ಯುಇಎಫ್‌ಐ ಕಂಪ್ಯಾಟಿಬಲ್ ಫೈಲ್ ಸಿಸ್ಟಂ ವಾಸ್ ಫೌಂಡ್’ ಅಂತ ಕಂಡರೆ ಮುಂದಿನ ಭಾಗ ನಿಮಗೇ.

ಹಳೇ ಮಷೀನ್ ಬಯೋಸೋ ಯುಇಎಫ್‌ಐಯೋ

ನನ್ನ ಬೆಂಚಿಗೆ ಬರುವ ಇಂಥ ಕೇಸ್‌ಗಳಲ್ಲಿ ಜಾಸ್ತಿ ಇದೇ. ಡಿಸ್ಕ್ ಒಂದು ಪದ್ಧತಿಯಲ್ಲಿ ತಯಾರಾಗಿದೆ, ವರ್ಚುಯಲ್ ಮಷೀನ್ ಇನ್ನೊಂದು ಪದ್ಧತಿಯದು. ಎರಡೂ ಕಡೆ ಏನೂ ಕೆಟ್ಟಿಲ್ಲ, ಆದರೂ ಒಂದಕ್ಕೊಂದು ಗುರುತು ಸಿಗಲ್ಲ.

ಹಳೇ ಮಷೀನ್ ಇನ್ನೂ ಜೀವ ಹಿಡಿದುಕೊಂಡಿದ್ದರೆ ಅದರಲ್ಲೇ ಕೇಳಿಬಿಡಿ. ರನ್ ಬಾಕ್ಸ್‌ನಲ್ಲಿ ‘ಎಂಎಸ್‌ಇನ್‌ಫೋ32’ ಹೊಡೆದರೆ ವಿಂಡೋಸ್ 8ರಿಂದ ಈಚೆಗೆ ‘ಬಯೋಸ್ ಮೋಡ್’ ಅನ್ನುವ ಸಾಲಲ್ಲಿ ಲೆಗಸಿ ಅಥವಾ ಯುಇಎಫ್‌ಐ ಅಂತ ಬರೆದಿರುತ್ತದೆ. ಇಮೇಜ್ ತೆಗೆಯುವ ಮೊದಲೇ ಇದನ್ನು ಬರೆದಿಟ್ಟುಕೊಳ್ಳಿ.

ಮಷೀನ್ ಹೋಗಿದ್ದರೆ ಡಿಸ್ಕನ್ನೇ ಕೇಳಬೇಕು. ಅದಕ್ಕೆ ನಾನು ಮಾಡುವ ಕೆಲಸ ಒಂದೇ: ಅದೇ ವರ್ಚುಯಲ್ ಮಷೀನ್‌ಗೆ ಯಾವುದಾದರೂ ಲೈವ್ ಲಿನಕ್ಸ್ ಐಎಸ್‌ಓ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್‌ನ ಸಿಡಿ ಫೈಲ್) ಹಾಕಿ ಅದರಿಂದ ಬೂಟ್ ಮಾಡುವುದು. ಟರ್ಮಿನಲ್ ತೆಗೆದು ಮೊದಲು ‘ಎಲ್‌ಎಸ್‌ಬಿಎಲ್‌ಕೆ’, ಆಮೇಲೆ ‘ಸುಡೋ ಎಫ್‌ಡಿಸ್ಕ್ -ಎಲ್’. ಈ ಒಂದು ಪರೀಕ್ಷೆಯಿಂದ ಬಹಳ ವಿಷಯ ಇತ್ಯರ್ಥ ಆಗುತ್ತದೆ. ಲಿನಕ್ಸಿಗೂ ಡಿಸ್ಕ್ ಕಾಣದಿದ್ದರೆ ಅದು ಮಷೀನ್‌ಗೆ ಸೇರಿಕೊಂಡೇ ಇಲ್ಲ. ಲಿನಕ್ಸಿಗೆ ಕಂಡು ಫರ್ಮ್‌ವೇರ್‌ಗೆ ಕಾಣದಿದ್ದರೆ ಕಂಟ್ರೋಲರ್ (ಡಿಸ್ಕನ್ನು ಮಷೀನಿಗೆ ಜೋಡಿಸುವ ಭಾಗ) ಅಥವಾ ಬೂಟ್ ಆರ್ಡರ್ ಕಡೆ ನೋಡಿ. ಡಿಸ್ಕ್ ಕಂಡು ಪಾರ್ಟಿಷನ್ ಒಂದೂ ಕಾಣದಿದ್ದರೆ ಡಿಸ್ಕ್ ಫೈಲಿನ ಫಾರ್ಮ್ಯಾಟ್ ತಪ್ಪಾಗಿ ಹೇಳಿರಬಹುದು. ಪಾರ್ಟಿಷನ್‌ಗಳೂ ಕಂಡರೆ ‘ಡಿಸ್ಕ್‌ಲೇಬಲ್ ಟೈಪ್’ ಸಾಲು ನೋಡಿ. ‘ಡಾಸ್’ ಅಂದರೆ ಎಂಬಿಆರ್, ‘ಜಿಪಿಟಿ’ ಅಂದರೆ ಜಿಪಿಟಿ, ಪಾರ್ಟಿಷನ್ ಪಟ್ಟಿ ಬರೆದಿಡುವ ಹೊಸ ಪದ್ಧತಿ.

ವಿಂಡೋಸ್ ಮಟ್ಟಿಗೆ ಲೆಕ್ಕ ನೇರ. ಎಂಬಿಆರ್ ಡಿಸ್ಕಿನಲ್ಲಿರುವ ವಿಂಡೋಸ್ ಬಯೋಸ್‌ನಲ್ಲಿ ಎದ್ದದ್ದು, ಜಿಪಿಟಿ ಡಿಸ್ಕಿನದ್ದು ಯುಇಎಫ್‌ಐನಲ್ಲಿ ಎದ್ದದ್ದು. ಲಿನಕ್ಸ್ ಆದರೆ ಸ್ವಲ್ಪ ಎಚ್ಚರ ಬೇಕು. ಜಿಪಿಟಿ ಡಿಸ್ಕಿನಿಂದ ಬಯೋಸ್ ಬೂಟ್ ಮಾಡಿಕೊಂಡವರೂ ಇದ್ದಾರೆ, ಅದರಲ್ಲಿ ‘ಬಯೋಸ್ ಬೂಟ್’ ಅಂತ ಒಂದು ಪುಟ್ಟ ಪಾರ್ಟಿಷನ್ ಕಾಣುತ್ತದೆ.

ಇಲ್ಲಿ ಕಣ್ಣು ತಪ್ಪಿಸುವ ಒಂದು ವಿಷಯ ಇದೆ. ವಿಂಡೋಸ್ 7 ಬಯೋಸ್‌ನಲ್ಲಿ ಹಾಕಿದಾಗ ‘ಸಿಸ್ಟಂ ರಿಸರ್ವ್ಡ್’ ಅಂತ 100 ಎಂಬಿಯ ಪಾರ್ಟಿಷನ್ ಮಾಡುತ್ತದೆ. ವಿಂಡೋಸ್ 10 ಯುಇಎಫ್‌ಐನಲ್ಲಿ ಹಾಕಿದಾಗ ‘ಇಎಫ್‌ಐ ಸಿಸ್ಟಂ’ ಅಂತ ಅದೂ 100 ಎಂಬಿಯದ್ದೇ ಮಾಡುತ್ತದೆ. ಸೈಜ್ ನೋಡಿ ‘ಓ, ಇಎಫ್‌ಐ ಇದೆ’ ಅಂದುಕೊಳ್ಳಬೇಡಿ. ಮೊದಲನೆಯದರ ಫೈಲ್ ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ಬಗೆ) ಎನ್‌ಟಿಎಫ್‌ಎಸ್, ಎರಡನೆಯದರದ್ದು ಫ್ಯಾಟ್32. ಯುಇಎಫ್‌ಐ ಫರ್ಮ್‌ವೇರ್‌ಗೆ ಓದಲು ಗ್ಯಾರಂಟಿಯಾಗಿ ಬರುವುದು ಫ್ಯಾಟ್ ಮಾತ್ರ.

ಗೊತ್ತಾಯಿತಲ್ಲ, ಈಗ ಡಿಸ್ಕಿಗೆ ತಕ್ಕಂತೆ ಮಷೀನನ್ನು ಬದಲಾಯಿಸಿ. ಮಷೀನಿಗೆ ತಕ್ಕಂತೆ ಡಿಸ್ಕನ್ನು ತಿದ್ದಲು ಹೋಗಬೇಡಿ. ವಿಂಡೋಸ್ 10ರಲ್ಲಿ 1703 ಆವೃತ್ತಿಯಿಂದ ‘ಎಂಬಿಆರ್2ಜಿಪಿಟಿ’ ಅನ್ನುವ ಟೂಲ್ ಇದೆ ನಿಜ. ಅದನ್ನು ಮಷೀನ್ ಒಂದು ಸಲ ಎದ್ದು ನಿಂತ ಮೇಲೆ ನೋಡಿಕೊಳ್ಳೋಣ. ವರ್ಚುಯಲ್‌ಬಾಕ್ಸ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್ ಒಳಗೆ ಇಎಫ್‌ಐ ಟಿಕ್ ಇದೆ, ಅಷ್ಟೇ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಹಾರ್ಡ್‌ವೇರ್ ಪಟ್ಟಿಯ ಬಯೋಸ್ ಸಾಲಿನಲ್ಲಿ ಸೀಬಯೋಸ್, ಒವಿಎಂಎಫ್ ಎರಡೂ ಸಿಗುತ್ತವೆ. ಒವಿಎಂಎಫ್ ಆರಿಸಿದರೆ ಜೊತೆಗೆ ಇಎಫ್‌ಐ ಡಿಸ್ಕ್ (ಫರ್ಮ್‌ವೇರ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಜಾಗ) ಸೇರಿಸುವುದು ಮರೆಯಬೇಡಿ. ಕೆವಿಎಂಗೆ ಬಳಸುವ ವರ್ಟ್ ಮ್ಯಾನೇಜರ್‌ನಲ್ಲಿ ಮಷೀನ್ ಸೃಷ್ಟಿಸುವಾಗಲೇ ‘ಇನ್‌ಸ್ಟಾಲ್‌ಗೆ ಮೊದಲು ಕಾನ್ಫಿಗರೇಷನ್ ಬದಲಿಸು’ ಅನ್ನುವ ಟಿಕ್ ಹಾಕಿ ಫರ್ಮ್‌ವೇರ್ ಆರಿಸುವುದು ಸುಲಭ. ಹೈಪರ್-ವಿಯಲ್ಲಿ ಜನರೇಷನ್ 1 ಅಂದರೆ ಬಯೋಸ್, 2 ಅಂದರೆ ಯುಇಎಫ್‌ಐ, ಮತ್ತು ಒಮ್ಮೆ ಮಾಡಿದ ಮೇಲೆ ಬದಲಿಸಲು ಬರಲ್ಲ. ಹೊಸ ಮಷೀನ್ ಮಾಡಿ ಅದೇ ಡಿಸ್ಕ್ ಸೇರಿಸಿ. ಜನರೇಷನ್ 2ಕ್ಕೆ ವಿಎಚ್‌ಡಿಎಕ್ಸ್ ಬಗೆಯ ಡಿಸ್ಕ್ ಫೈಲೇ ಬೇಕು, ಹಳೇ ವಿಎಚ್‌ಡಿ ಆಗಲ್ಲ.

ಡಿಸ್ಕ್ ಸೇರಿದೆಯಾ, ಸರದಿಯಲ್ಲಿದೆಯಾ

ಇದು ಸಣ್ಣ ವಿಷಯ. ಆದರೂ ಬೇಗ ಒಂದು ಸುತ್ತು ನೋಡಿಬಿಡಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಕಮಾಂಡಿನಿಂದ ಡಿಸ್ಕ್ ಇಂಪೋರ್ಟ್ ಮಾಡಿದರೆ ಅದು ‘ಅನ್‌ಯೂಸ್ಡ್ ಡಿಸ್ಕ್’ ಅಂತ ಪಟ್ಟಿಯಲ್ಲಿ ಸುಮ್ನೆ ಕೂತಿರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಸೇರಿಸಬೇಕು. ಸೇರಿಸಿದರೂ ಮುಗಿಯಲಿಲ್ಲ, ಆಪ್ಷನ್ಸ್ ಒಳಗೆ ಬೂಟ್ ಆರ್ಡರ್‌ನಲ್ಲಿ ಅದರ ಮುಂದೆ ಟಿಕ್ ಇರಲ್ಲ. ಅದನ್ನೂ ಹಾಕಿ ಮೇಲಕ್ಕೆ ಎಳೆಯಿರಿ. ‘ಎಲ್ಲಾ ಮಾಡಿದೀನಿ ಅಕ್ಕ, ಆದ್ರೂ ಬರ್ತಿಲ್ಲ’ ಅಂತ ಇಂಜಿನಿಯರಿಂಗ್ ಓದುವ ಹುಡುಗರು ಬಂದಾಗ ನಾನು ಮೊದಲು ತೆಗೆದು ನೋಡುವುದು ಈ ಪೇಜೇ.

ಲಿಬ್‌ವರ್ಟ್ (ಕೆವಿಎಂ ಮಷೀನ್‌ಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಬಳಸುವವರಿಗೆ ಮಷೀನ್‌ನ ಕಾನ್ಫಿಗರೇಷನ್ ಫೈಲಿನಲ್ಲಿ ಬೂಟ್ ಸರದಿ ಹೇಳಲು ಎರಡು ಜಾಗ ಇವೆ. ಓಎಸ್ ಭಾಗದಲ್ಲಿ ‘ಬೂಟ್ ಡೆವ್’ ಅಂತ ಬರೆಯಬಹುದು, ಇಲ್ಲ ಪ್ರತಿ ಡಿಸ್ಕಿನ ಒಳಗೆ ‘ಬೂಟ್ ಆರ್ಡರ್’ ಕೊಡಬಹುದು. ಎರಡೂ ಒಟ್ಟಿಗೆ ಬರೆದರೆ ಲಿಬ್‌ವರ್ಟ್ ಒಪ್ಪಲ್ಲ. ಎರಡನೆಯದೇ ಚೆನ್ನ. ಸಿಡಿಗೆ ಮಾತ್ರ ನಂಬರ್ ಕೊಟ್ಟು ಡಿಸ್ಕಿಗೆ ಕೊಡದಿದ್ದರೆ ಡಿಸ್ಕ್ ಸರದಿಯಿಂದಲೇ ಬಿದ್ದುಹೋಗುತ್ತದೆ. ಹೊಸದಾಗಿ ಡಿಸ್ಕ್ ಸೇರಿಸಿದವರಿಗೆ ಹೀಗೇ ಆಗುವುದು.

ಇನ್ನು ಕಂಟ್ರೋಲರ್. ಫರ್ಮ್‌ವೇರ್ ಒಳಗೂ ಪುಟ್ಟ ಡ್ರೈವರ್‌ಗಳಿರುತ್ತವೆ. ಆ ಡ್ರೈವರ್ ಇಲ್ಲದ ಕಂಟ್ರೋಲರ್‌ಗೆ ಡಿಸ್ಕ್ ತಗುಲಿಸಿದರೆ ವಿಂಡೋಸಿಗೆ ಗೊತ್ತಾಗುವ ಡಿಸ್ಕು ಫರ್ಮ್‌ವೇರ್‌ಗೆ ಗೊತ್ತಾಗಲ್ಲ. ಐಡಿಇ, ಸಾಟಾ, ಸ್ಕಸಿ, ಎನ್‌ವಿಎಂಇ ಎಲ್ಲಾ ಕಂಟ್ರೋಲರ್‌ನ ಬಗೆಗಳು. ಹೈಪರ್-ವಿ ಜನರೇಷನ್ 1 ಐಡಿಇ ಡಿಸ್ಕಿನಿಂದ ಮಾತ್ರ ಬೂಟ್ ಆಗುತ್ತದೆ, ಸ್ಕಸಿಯಿಂದ ಆಗಲ್ಲ. ಜನರೇಷನ್ 2ರಲ್ಲಿ ತದ್ವಿರುದ್ಧ, ಅಲ್ಲಿ ಐಡಿಇಯೇ ಇಲ್ಲ. ವರ್ಚುಯಲ್‌ಬಾಕ್ಸ್‌ನಲ್ಲಿ ಎನ್‌ವಿಎಂಇ ಕಂಟ್ರೋಲರ್‌ಗೆ ಹಾಕಿದ ಡಿಸ್ಕಿನಿಂದ ಬೂಟ್ ಆಗಬೇಕಾದರೆ ಇಎಫ್‌ಐ ಆನ್ ಆಗಿರಲೇಬೇಕು. ವೇಗ ಬರುತ್ತೆ ಅಂತ ಎನ್‌ವಿಎಂಇ ಆರಿಸಿ ಹಳೇ ವಿಂಡೋಸ್ 7 ಡಿಸ್ಕ್ ಹಾಕುವವರಿದ್ದಾರೆ. ವೇಗ ಆಮೇಲೆ, ಮೊದಲು ಏಳಲಿ. ಅನುಮಾನ ಇದ್ದಾಗ ಸಾಟಾ ಅಥವಾ ಐಡಿಇಗೆ ಹಾಕಿ ನೋಡಿ.

ಫೈಲ್ ಹೆಸರು ಒಂದು, ಒಳಗಿರುವುದು ಇನ್ನೊಂದು

ಕ್ಯೂಎಮುಗೆ ಡಿಸ್ಕ್ ಫೈಲ್ ಯಾವ ಬಗೆಯದು ಅಂತ ನಾವೇ ಹೇಳಬೇಕು. ಕ್ಯೂಎಮುನ ಸ್ವಂತ ಬಗೆಯಾದ ಕ್ಯೂಕೌ2 ಫೈಲನ್ನು ‘ರಾ’ (ಡಿಸ್ಕಿನ ನೇರ ಕಾಪಿ) ಅಂತ ಹೇಳಿಬಿಟ್ಟರೆ ಮಷೀನ್ ಎಂಬಿಆರ್ ಅಂತ ಓದುವುದು ಆ ಫೈಲಿನ ಹೆಡರನ್ನು, ಅಂದರೆ ಫೈಲಿನ ಮೊದಲಿಗಿರುವ ಗುರುತಿನ ಭಾಗವನ್ನು. ಅದರಲ್ಲಿ ಮೊದಲು ‘ಕ್ಯೂಎಫ್‌ಐ’ ಅನ್ನುವ ಅಕ್ಷರಗಳಿರುತ್ತವೆ, ‘55 ಎಎ’ ಎಲ್ಲಿಂದ ಬರಬೇಕು? ಫರ್ಮ್‌ವೇರ್‌ಗೆ ಡಿಸ್ಕ್ ಕಾಣುತ್ತದೆ, ಓದಲೂ ಆಗುತ್ತದೆ, ಬೂಟ್ ಮಾತ್ರ ಆಗಲ್ಲ. ಇನ್ನೊಂದು ಗುರುತು: ಲೈವ್ ಲಿನಕ್ಸ್‌ನಲ್ಲಿ ನೋಡಿದರೆ 500 ಜಿಬಿ ಇರಬೇಕಾದ ಡಿಸ್ಕ್ ಫೈಲಿನ ಸೈಜಿನಷ್ಟೇ, ಅಂದರೆ ನಲವತ್ತೋ ಐವತ್ತೋ ಜಿಬಿ ತೋರಿಸುತ್ತದೆ.

‘ಕ್ಯೂಎಮು-ಇಮೇಜ್ ಇನ್ಫೋ’ ಅಂತ ಹೊಡೆದು ಫೈಲ್ ಹೆಸರು ಕೊಡಿ. ಅದು ಹೇಳುವ ಫಾರ್ಮ್ಯಾಟನ್ನೇ ಮಷೀನ್ ಸೆಟ್ಟಿಂಗ್ಸ್‌ನಲ್ಲಿ ಬರೆಯಿರಿ. ಹೆಸರಿನ ಕೊನೆಯಲ್ಲಿ ಏನಿದೆ ಅನ್ನೋದನ್ನು ನಂಬಬೇಡಿ. ವಿಎಚ್‌ಡಿ ಫೈಲಿಗೆ ಕ್ಯೂಎಮು ‘ವಿಪಿಸಿ’ ಅನ್ನುತ್ತದೆ, ಗಾಬರಿ ಆಗಬೇಡಿ. ವಿಎಚ್‌ಡಿಯಲ್ಲಿ ಒಂದು ಮಜಾ ಇದೆ. ಫಿಕ್ಸೆಡ್ (ಪೂರ್ತಿ ಜಾಗ ಮೊದಲೇ ಹಿಡಿದಿಟ್ಟ) ವಿಎಚ್‌ಡಿ ಆದರೆ ಅದರ ಗುರುತಿನ 512 ಬೈಟ್ ಕೊನೆಯಲ್ಲಿರುತ್ತದೆ, ಹಾಗಾಗಿ ‘ರಾ’ ಅಂತ ಹೇಳಿದರೂ ಬೂಟ್ ಆಗಿಬಿಡುತ್ತದೆ. ಡೈನಾಮಿಕ್ (ತುಂಬಿದಂತೆ ಬೆಳೆಯುವ) ವಿಎಚ್‌ಡಿಯಲ್ಲಿ ಅದರ ಕಾಪಿ ಒಂದು ಮೊದಲಿಗೇ ಇರುತ್ತದೆ, ಅದು ಆಗಲ್ಲ. ‘ಹೋದ ಸಲ ಹೀಗೇ ಮಾಡಿದ್ದೆ, ಬಂದಿತ್ತು’ ಅಂತ ವಾದ ಮಾಡುವವರ ರಹಸ್ಯ ಇದೇ.

ವಿಎಂವೇರ್ ಫೈಲ್‌ಗಳಲ್ಲಿ ಬೇರೆ ತೊಂದರೆ. ಕೆಲವು ಸಲ ಒಂದು ಡಿಸ್ಕಿಗೆ ಎರಡು ವಿಎಂಡಿಕೆ ಫೈಲ್ ಇರುತ್ತವೆ. ಒಂದು ಕೆಲವೇ ನೂರು ಬೈಟಿನ ಟೆಕ್ಸ್ಟ್ ಫೈಲು, ಇನ್ನೊಂದು ‘ಫ್ಲ್ಯಾಟ್’ ಅಂತ ಹೆಸರಿರುವ ದೊಡ್ಡದು. ಪೆನ್‌ಡ್ರೈವಿಗೆ ಹಾಕಿಕೊಳ್ಳುವಾಗ ಒಂದನ್ನು ಬಿಟ್ಟು ಬಂದಿರುತ್ತಾರೆ. ಎರಡೂ ಬೇಕು.

ತಿಪಟೂರಿನ ಡಿಸ್ಕು

ತಿಪಟೂರಿನಿಂದ ಕೊಬ್ಬರಿ ವ್ಯಾಪಾರದ ಸಾಹುಕಾರರೊಬ್ಬರು ಹಾರ್ಡ್ ಡಿಸ್ಕ್ ಒಂದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದಿದ್ದರು. ಅಂಗಡಿಯ ಹುಡುಗ ಡಿಸ್ಕ್2ವಿಎಚ್‌ಡಿ ಅನ್ನುವ ಟೂಲಿನಿಂದ ಹಳೇ ಮಷೀನನ್ನು ಇಮೇಜ್ ಮಾಡಿದ್ದ. ಅದಾದ ಮೇಲೆ ಹಳೇ ಮಷೀನ್ ಕಣ್ಣು ಮುಚ್ಚಿತ್ತು, ಅದರ ಡಿಸ್ಕೂ ಜೊತೆಗೇ ಹೋಗಿತ್ತು. ಉಳಿದದ್ದು ಟವೆಲ್‌ನಲ್ಲಿ ತಂದ ಡಿಸ್ಕಿನಲ್ಲಿದ್ದ ಈ ಇಮೇಜ್ ಮಾತ್ರ. ವರ್ಚುಯಲ್‌ಬಾಕ್ಸ್‌ಗೆ ಹಾಕಿದರೆ ಪರದೆ ಮೇಲೆ ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಂ’.

“ಏನಮ್ಮಾ, ಲೆಕ್ಕ ಎಲ್ಲಾ ಹೋಯ್ತಾ?”

“ಇಲ್ಲ ಸ್ವಾಮಿ, ಇದೆ. ಎಬ್ಬಿಸೋ ಫೈಲ್ ಮಾತ್ರ ಬಂದಿಲ್ಲ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ.”

ಧೈರ್ಯವಾಗಿ ಹಾಗೆ ಹೇಳಲು ಕಾರಣ ಆ ಮೆಸೇಜೇ. ಅದು ಎಂಬಿಆರ್ ಕೋಡಿನ ಮಾತು. ಅಂದರೆ ಫರ್ಮ್‌ವೇರ್ ಡಿಸ್ಕನ್ನು ಕಂಡಿದೆ, ಫಾರ್ಮ್ಯಾಟ್ ಸರಿ ಇದೆ, ಸಹಿ ಇದೆ, ಆಕ್ಟಿವ್ ಪಾರ್ಟಿಷನ್ ಕೂಡ ಸಿಕ್ಕಿದೆ. ಆದರೆ ಆ ಪಾರ್ಟಿಷನ್‌ನ ಮೊದಲ ಸೆಕ್ಟರ್ ಖಾಲಿ.

ಡಿಸ್ಕ್2ವಿಎಚ್‌ಡಿ ವಿಂಡೋ ತೆಗೆದರೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಮುಂದೆ ಒಂದು ಟಿಕ್. ಸಿ, ಡಿ ಅಂತ ಅಕ್ಷರ ಇರುವವು ಸುಲಭವಾಗಿ ಗುರುತು ಸಿಗುತ್ತವೆ. ಜೊತೆಗೆ ಅಕ್ಷರವೇ ಇಲ್ಲದೆ ‘ವಾಲ್ಯೂಮ್’ ಅಂತ ಶುರುವಾಗಿ ಬ್ರ್ಯಾಕೆಟ್ ಒಳಗೆ ಉದ್ದದ ನಂಬರ್ ಇರುವ ಒಂದು ಸಾಲು ಇರುತ್ತದೆ. ಸೈಜ್ ನೋಡಿದರೆ 0.1 ಜಿಬಿಯೂ ಇರಲ್ಲ. ಇದೇನೋ ಕಸ ಅಂತ ಹುಡುಗ ಟಿಕ್ ತೆಗೆದಿದ್ದ. ಅದೇ ಸಿಸ್ಟಂ ರಿಸರ್ವ್ಡ್. ಟಿಕ್ ತೆಗೆದರೆ ಈ ಟೂಲ್ ಪಾರ್ಟಿಷನ್ ಟೇಬಲ್‌ನಲ್ಲಿ ಅದರ ಜಾಗ ಹಾಗೇ ಉಳಿಸುತ್ತದೆ, ಒಳಗಿನ ಡೇಟಾ ಮಾತ್ರ ಕಾಪಿ ಮಾಡಲ್ಲ. ಹೊರಗಿಂದ ನೋಡಿದರೆ ಪಾರ್ಟಿಷನ್ ಇದೆ, ಒಳಗೆ ಬರೀ ಸೊನ್ನೆ. ಯುಇಎಫ್‌ಐ ಮಷೀನ್ ಆಗಿದ್ದರೆ ಇದೇ ರೀತಿ ಇಎಫ್‌ಐ ಪಾರ್ಟಿಷನ್ ಬಿಟ್ಟುಹೋಗುತ್ತದೆ.

ಹಳೇ ಮಷೀನ್ ಇದ್ದರೆ ಎಲ್ಲಾ ಟಿಕ್ ಹಾಕಿ ಮತ್ತೆ ಇಮೇಜ್ ತೆಗೆಯುವುದೇ ನೇರ ದಾರಿ. ಇಮೇಜ್ ವರ್ಚುಯಲ್‌ಬಾಕ್ಸ್‌ಗೆ ಅಂದರೆ ‘ಯೂಸ್ ವಿಎಚ್‌ಡಿಎಕ್ಸ್’ ಅನ್ನುವ ಟಿಕ್ ಮಾತ್ರ ತೆಗೆಯಿರಿ. ಮಷೀನ್ ಇಲ್ಲದಿದ್ದರೆ ಹೀಗೆ:

ವಿಂಡೋಸ್ 10ರ ಇನ್‌ಸ್ಟಾಲ್ ಐಎಸ್‌ಓದಿಂದ ಬೂಟ್ ಮಾಡಿ. ವಿಂಡೋಸ್ 7ರದ್ದು ಬೇಡ, ಅದರ ಬಿಸಿಡಿಬೂಟ್‌ಗೆ (ಬೂಟ್ ಫೈಲ್‌ಗಳನ್ನು ಮತ್ತೆ ಬರೆಯುವ ಕಮಾಂಡ್‌ಗೆ) ‘/ಎಫ್’ ಅನ್ನುವ ಆಪ್ಷನ್ ಇಲ್ಲ. ಭಾಷೆ ಕೇಳುವ ಪರದೆಯಲ್ಲಿ ಶಿಫ್ಟ್ ಜೊತೆ ಎಫ್10 ಒತ್ತಿದರೆ ಕಪ್ಪು ಕಮಾಂಡ್ ವಿಂಡೋ ಬರುತ್ತದೆ. ‘ಡಿಸ್ಕ್‌ಪಾರ್ಟ್’ ಹೊಡೆದು ‘ಲಿಸ್ಟ್ ವಾಲ್ಯೂಮ್’ ಅನ್ನಿ. ಇಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ. ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಸೈಜ್ ನೋಡಿ ಗುರುತಿಸಿ, ‘ಡಿಐಆರ್’ ಹೊಡೆದು ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಿ.

ಬಯೋಸ್ ಡಿಸ್ಕ್ ಆದರೆ ವಿಂಡೋಸ್ ಇರುವ ಪಾರ್ಟಿಷನ್ ಅನ್ನೇ ಆರಿಸಿ ‘ಆಕ್ಟಿವ್’ ಅನ್ನಿ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ‘ಬಿಸಿಡಿಬೂಟ್ ಡಿ:\ವಿಂಡೋಸ್ /ಎಸ್ ಡಿ: /ಎಫ್ ಬಯೋಸ್’. ತಿಪಟೂರಿನ ಡಿಸ್ಕಿಗೆ ಮಾಡಿದ್ದು ಇಷ್ಟೇ. ಸಾಹುಕಾರರ ಕಾಫಿ ಲೋಟ ಖಾಲಿ ಆಗುವ ಹೊತ್ತಿಗೆ ವಿಂಡೋಸ್ ಲೋಗೋ ಬಂದಿತ್ತು. ಬಿಸಿಡಿಬೂಟ್ ಆದ ಮೇಲೂ ಅದೇ ಮೆಸೇಜ್ ಬಂದರೆ ‘ಬೂಟ್‌ಸೆಕ್ಟ್ /ಎನ್‌ಟಿ60 ಡಿ:’ ಅಂತ ಒಂದು ಸಲ ಹೊಡೆಯಿರಿ.

ಯುಇಎಫ್‌ಐ ಡಿಸ್ಕ್ ಆದರೆ ಖಾಲಿ ಇಎಫ್‌ಐ ಪಾರ್ಟಿಷನ್ ಆರಿಸಿ, ಫ್ಯಾಟ್32ಗೆ ಕ್ವಿಕ್ ಫಾರ್ಮ್ಯಾಟ್ ಮಾಡಿ, ‘ಅಸೈನ್ ಲೆಟರ್=ಎಸ್’ ಅಂತ ಅಕ್ಷರ ಕೊಡಿ. ಆಮೇಲೆ ‘ಬಿಸಿಡಿಬೂಟ್ ಡಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ’. ಫಾರ್ಮ್ಯಾಟ್ ಹೊಡೆಯುವ ಮುನ್ನ ಆರಿಸಿದ್ದು 100 ಎಂಬಿಯದ್ದೇ ಅಲ್ವಾ ಅಂತ ಇನ್ನೊಮ್ಮೆ ನೋಡಿ. ಮೊದಲೇ ಪದರ ಮಾಡಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಯುಇಎಫ್‌ಐಗೆ ವಿಳಾಸ ಬೇಕು

ಡಿಸ್ಕ್ ಸರಿ ಇದೆ, ಇಎಫ್‌ಐ ಪಾರ್ಟಿಷನ್ ಇದೆ, ಒಳಗೆ ಫೈಲೂ ಇದೆ, ಆದರೂ ಬೂಟ್ ಆಗಲ್ಲ. ಇದು ಯುಇಎಫ್‌ಐ ಮಷೀನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದಾಗ ಬರುವ ಕಾಯಿಲೆ. ಯುಇಎಫ್‌ಐ ಯಾವ ಡಿಸ್ಕಿನ ಯಾವ ಫೈಲ್ ಎಬ್ಬಿಸಬೇಕು ಅನ್ನುವುದನ್ನು ಎನ್‌ವಿರಾಮ್ ಅನ್ನುವ ತನ್ನ ಸ್ವಂತ ಜಾಗದಲ್ಲಿ ಬರೆದಿಟ್ಟುಕೊಳ್ಳುತ್ತದೆ. ವರ್ಚುಯಲ್ ಮಷೀನ್‌ನಲ್ಲಿ ಅದೂ ಒಂದು ಫೈಲೇ, ಡಿಸ್ಕಿನಿಂದ ಬೇರೆ. ಲಿಬ್‌ವರ್ಟ್‌ನಲ್ಲಿ ಅದು ಸಾಮಾನ್ಯವಾಗಿ ‘/ವಾರ್/ಲಿಬ್/ಲಿಬ್‌ವರ್ಟ್/ಕ್ಯೂಎಮು/ಎನ್‌ವಿರಾಮ್’ ಒಳಗಿರುತ್ತದೆ. ಡಿಸ್ಕ್ ಮಾತ್ರ ತಂದು ಅದನ್ನು ಬಿಟ್ಟು ಬಂದರೆ ಫರ್ಮ್‌ವೇರ್‌ಗೆ ವಿಳಾಸ ಗೊತ್ತಿರಲ್ಲ.

ಆಗ ಅದು ಒಂದು ಗೊತ್ತಾದ ಜಾಗದಲ್ಲಿ ಹುಡುಕುತ್ತದೆ, ಹೊಸ ಊರಿಗೆ ಬಂದವರು ಅರಳಿಕಟ್ಟೆಯಲ್ಲಿ ವಿಚಾರಿಸಿದ ಹಾಗೆ. ಆ ಜಾಗ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ‘ಬೂಟ್‌ಎಕ್ಸ್64.ಇಎಫ್‌ಐ’. ವಿಂಡೋಸ್ ಸಾಮಾನ್ಯವಾಗಿ ಅಲ್ಲೂ ಒಂದು ಕಾಪಿ ಇಟ್ಟಿರುತ್ತದೆ, ಹಾಗಾಗಿ ಬಚಾವ್. ಡೆಬಿಯನ್ ತಾನಾಗೇ ಅಲ್ಲಿ ಇಡಲ್ಲ. ಅದಕ್ಕೇ ಡೆಬಿಯನ್ ಸರ್ವರ್ ಸಾಗಿಸಿದಾಗ ಈ ತೊಂದರೆ ಜಾಸ್ತಿ.

ಕೈಯಾರೆ ತೋರಿಸಿಕೊಡುವುದು ಹೀಗೆ. ಒವಿಎಂಎಫ್ ಲೋಗೋ ಬಂದಾಗ ಎಸ್ಕೇಪ್ ಒತ್ತುತ್ತಾ ಇರಿ. ಮೆನುವಿನಲ್ಲಿ ‘ಬೂಟ್ ಮೇಂಟೆನೆನ್ಸ್ ಮ್ಯಾನೇಜರ್’, ಅದರಲ್ಲಿ ‘ಬೂಟ್ ಫ್ರಂ ಫೈಲ್’. ಪಾರ್ಟಿಷನ್ ಆರಿಸಿ ಒಳಗೆ ಇಳಿಯಿರಿ. ವಿಂಡೋಸ್ ಆದರೆ ‘ಇಎಫ್‌ಐ\ಮೈಕ್ರೋಸಾಫ್ಟ್\ಬೂಟ್\ಬೂಟ್‌ಎಂಜಿಎಫ್‌ಡಬ್ಲ್ಯೂ.ಇಎಫ್‌ಐ’. ಡೆಬಿಯನ್, ಉಬುಂಟು ಆದರೆ ಅವುಗಳ ಹೆಸರಿನ ಫೋಲ್ಡರ್ ಒಳಗೆ ‘ಶಿಮ್‌ಎಕ್ಸ್64.ಇಎಫ್‌ಐ’. ಎಂಟರ್ ಒತ್ತಿ. ಎದ್ದರೆ ರೋಗ ಗೊತ್ತಾಯಿತು. ಅದೇ ಮೆನುವಿನ ‘ಬೂಟ್ ಆಪ್ಷನ್ಸ್’ ಒಳಗೆ ಆ ಫೈಲನ್ನು ಪಟ್ಟಿಗೆ ಸೇರಿಸಬಹುದು. ಡೆಬಿಯನ್ ಆದರೆ ಎದ್ದ ಮೇಲೆ ‘ಗ್ರಬ್-ಇನ್‌ಸ್ಟಾಲ್’ ಕಮಾಂಡಿಗೆ ‘--ರಿಮೂವಬಲ್’ ಸೇರಿಸಿ ಒಂದು ಸಲ ಓಡಿಸಿ, ಅರಳಿಕಟ್ಟೆಯಲ್ಲೂ ಒಂದು ಕಾಪಿ ಕೂರುತ್ತದೆ.

‘ಬೂಟ್ ಫ್ರಂ ಫೈಲ್’ನಲ್ಲಿ ಪಾರ್ಟಿಷನ್ನೇ ಕಾಣದಿದ್ದರೆ ಯುಇಎಫ್‌ಐ ಶೆಲ್‌ಗೆ (ಫರ್ಮ್‌ವೇರ್‌ನ ಕಮಾಂಡ್ ಪರದೆಗೆ) ಹೋಗಿ ‘ಮ್ಯಾಪ್ -ಆರ್’ ಹೊಡೆಯಿರಿ. ‘ಎಫ್‌ಎಸ್0’ ಅಂತ ಬಂದರೆ ಓದಬಲ್ಲ ಫೈಲ್ ಸಿಸ್ಟಂ ಇದೆ. ‘ಬಿಎಲ್‌ಕೆ0’, ‘ಬಿಎಲ್‌ಕೆ1’ ಅಂತ ಮಾತ್ರ ಬಂದರೆ ಡಿಸ್ಕ್ ಕಂಡಿದೆ, ಫ್ಯಾಟ್ ಪಾರ್ಟಿಷನ್ ಕಂಡಿಲ್ಲ. ಏನೂ ಬರದಿದ್ದರೆ ಕಂಟ್ರೋಲರ್ ಕಡೆಗೆ ವಾಪಸ್ ಹೋಗಿ.

ಪಾರ್ಟಿಷನ್ ಇರುವುದು ಖಂಡಿತ, ಆದರೂ ಬಿಎಲ್‌ಕೆ ಮಾತ್ರ ಕಾಣುತ್ತಿದೆ ಅಂದರೆ ಸೆಕ್ಟರ್ ಸೈಜ್ ನೋಡಿ. ಜಿಪಿಟಿ ಹೆಡರ್ ಇರುವುದು ಎರಡನೇ ಸೆಕ್ಟರ್‌ನಲ್ಲಿ. 512 ಬೈಟಿನ ಸೆಕ್ಟರ್ ಆದರೆ ಅದು 512ನೇ ಬೈಟಿಗೆ, 4096ರದ್ದಾದರೆ 4096ನೇ ಬೈಟಿಗೆ ಶುರು. ಹಳೇ ಡಿಸ್ಕ್ 4096ರದ್ದಾಗಿ ವರ್ಚುಯಲ್ ಮಷೀನ್ 512 ಅಂತ ತೋರಿಸಿದರೆ ಫರ್ಮ್‌ವೇರ್ ತಪ್ಪು ಜಾಗದಲ್ಲಿ ಹುಡುಕಿ ಸುಮ್ಮನಾಗುತ್ತದೆ. ಲಿಬ್‌ವರ್ಟ್‌ನಲ್ಲಿ ಡಿಸ್ಕಿನ ಒಳಗೆ ‘ಬ್ಲಾಕ್‌ಐಓ’ ಸಾಲು ಸೇರಿಸಿ ಲಾಜಿಕಲ್, ಫಿಸಿಕಲ್ ಎರಡಕ್ಕೂ 4096 ಕೊಡಿ. ಅಪರೂಪದ್ದು, ಆದರೆ ತಲೆ ತಿನ್ನುತ್ತದೆ.

‘ಆಕ್ಸೆಸ್ ಡಿನೈಡ್’ ಅಥವಾ ಹೈಪರ್-ವಿಯಲ್ಲಿ ‘ಹ್ಯಾಶ್ ಈಸ್ ನಾಟ್ ಅಲೋಡ್’ ಅಂತ ಬಂದರೆ ಅದು ಸೆಕ್ಯೂರ್ ಬೂಟ್, ಅಂದರೆ ನಂಬುವ ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಕಾವಲು. ಹೈಪರ್-ವಿಯಲ್ಲಿ ಲಿನಕ್ಸ್‌ಗೆ ‘ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿ’ ಟೆಂಪ್ಲೇಟ್ ಆರಿಸಿ. ಬೂಟ್‌ಲೋಡರ್‌ಗೆ ಸಹಿಯೇ ಇಲ್ಲದಿದ್ದರೆ ಸೆಕ್ಯೂರ್ ಬೂಟ್ ಆಫ್ ಮಾಡಿ.

ಇಲ್ಲಿಂದ ಮುಂದೆ ಫರ್ಮ್‌ವೇರ್ ತಪ್ಪಲ್ಲ

ವಿಂಡೋಸ್ ಲೋಗೋ ಬಂದು ನೀಲಿ ಪರದೆ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಥವಾ 7ಬಿ ಅನ್ನುವ ಕೋಡ್ ಕಂಡರೆ ಹೆಸರು ನೋಡಿ ಮೋಸ ಹೋಗಬೇಡಿ. ಫರ್ಮ್‌ವೇರ್ ತನ್ನ ಕೆಲಸ ಪೂರ್ತಿ ಮುಗಿಸಿದೆ. ಈಗ ವಿಂಡೋಸಿಗೆ ಹೊಸ ಕಂಟ್ರೋಲರ್‌ನ ಡ್ರೈವರ್ ಇಲ್ಲ. ಬೂಟ್ ಆರ್ಡರ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಡಿಸ್ಕನ್ನು ಹಳೇ ಮಷೀನಲ್ಲಿದ್ದ ಬಗೆಗೇ ಹಾಕಿ. ಐಡಿಇ ಇದ್ದರೆ ಐಡಿಇ, ಸಾಟಾ ಇದ್ದರೆ ಸಾಟಾ. ವರ್ಟ್‌ಐಓ (ವರ್ಚುಯಲ್ ಮಷೀನ್‌ಗೆಂದೇ ಮಾಡಿದ ಕಂಟ್ರೋಲರ್ ಬಗೆ) ಕೊಡುವ ವೇಗ ಬೇಕು ಅಂದರೆ ವಿಂಡೋಸ್ ಎದ್ದ ಮೇಲೆ 1 ಜಿಬಿಯ ಖಾಲಿ ವರ್ಟ್‌ಐಓ ಡಿಸ್ಕ್ ಒಂದನ್ನು ಜೊತೆಗೆ ಸೇರಿಸಿ, ಡ್ರೈವರ್ ಐಎಸ್‌ಓದಿಂದ ಡ್ರೈವರ್ ಹಾಕಿ, ಆಫ್ ಮಾಡಿ, ಆಮೇಲೆ ಮುಖ್ಯ ಡಿಸ್ಕನ್ನು ಬದಲಿಸಿ.

ಲಿನಕ್ಸಿನಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಅಥವಾ ‘ಡ್ರ್ಯಾಕಟ್’ ಪ್ರಾಂಪ್ಟ್‌ಗೆ ಬಂದು ನಿಂತರೂ ಇದೇ ಕಥೆ. ಬೂಟ್ ಮೆನುವಿನಲ್ಲಿ ರೆಸ್ಕ್ಯೂ ಕರ್ನಲ್ ಇದ್ದು ಅದನ್ನು ಆರಿಸಿದರೆ ಎಷ್ಟೋ ಸಲ ಏಳುತ್ತದೆ, ಏಕೆಂದರೆ ಅದರಲ್ಲಿ ಎಲ್ಲಾ ಡ್ರೈವರ್ ತುಂಬಿರುತ್ತವೆ. ಎದ್ದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಡ್ರೈವರ್‌ಗಳಿರುವ ಫೈಲ್) ಮತ್ತೆ ಕಟ್ಟಿಸಿ.

ಎಲ್ಲಾ ಸರಿಹೋದ ಮೇಲೆ ಐಎಸ್‌ಓ ತೆಗೆದು ಡಿಸ್ಕನ್ನು ಸರದಿಯ ಮೊದಲಿಗೆ ತನ್ನಿ, ಒಂದು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿ. ರೀಸ್ಟಾರ್ಟ್ ಮಾಡಿದರೆ ಸಾಲದು, ಎಷ್ಟೋ ಸೆಟ್ಟಿಂಗ್ಸ್ ಆಫ್ ಮಾಡಿದ ಮೇಲೇ ಹಿಡಿಯುವುದು. ಬ್ಯಾಕಪ್ ತೆಗೆಯುವಾಗ ಡಿಸ್ಕ್ ಫೈಲ್ ಜೊತೆಗೆ ಮಷೀನ್‌ನ ಕಾನ್ಫಿಗರೇಷನ್ ಫೈಲನ್ನೂ, ಯುಇಎಫ್‌ಐ ಆದರೆ ಎನ್‌ವಿರಾಮ್ ಫೈಲನ್ನೂ ಒಂದೇ ಫೋಲ್ಡರಿಗೆ ಹಾಕಿ, ಫೋಲ್ಡರ್ ಹೆಸರಲ್ಲೇ ‘ಬಯೋಸ್-ಐಡಿಇ’ ಅಥವಾ ‘ಯುಇಎಫ್‌ಐ-ಸಾಟಾ’ ಅಂತ ಬರೆದಿಡಿ.